ಕೆರೆಗೋಡಿನ ಕೆಳಗಿನ ಬೂದಿ

ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ತಮಿಳು ರಾಜ್ಯದ ಗಡಿಯಲ್ಲಿರುವ ಹೊಸೂರಿನಲ್ಲಿ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಹಳೇ ಕಾಲದ ಜನರ ಗೋರಿ, ಮಡಕೆ, ಕಲ್ಲಿನ ಆಯುಧ ಇವನ್ನೆಲ್ಲ ಅಗೆದು ತೆಗೆಯುವ ಇಲಾಖೆ ಅದು. ನಾನು ಅಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದವನು. "ಸಾರ್, ಈ ಕೆಲಸಕ್ಕೆ ಮುಖ್ಯವಾಗಿ ಏನು ಬೇಕು?" ಎಂದು ಕೇಳಿದರು. ಗಟ್ಟಿ ಮಂಡಿ ಬೇಕು, ಗುಂಡಿಯಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕೂರಬೇಕಲ್ಲ, ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡು ಕಾಫಿ ಕುಡಿದು ಹೋದರು. ಮುಖ್ಯವಾದದ್ದು ಇನ್ನೊಂದು ಇತ್ತು. ಮುನಿಯಮ್ಮ ಎಂಬ ಹೆಂಗಸಿನ ಮನೆ ಜಾಗವನ್ನು ನಾನು ಕಳೆದ ಕತೆ ಅದು. ಎದುರಿಗೆ ಹೇಳಲು ನಾಚಿಕೆಯಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಅನ್ನುವುದನ್ನು ಇಲ್ಲಿ ಹುಡುಕಬೇಡಿ.

ನನಗೆ ಕೆಲಸ ಕಲಿಸಿದವರು ದೊರೈಸಾಮಿ ಎಂಬ ಹಿರಿಯ ನಕ್ಷೆಗಾರರು. ಕೃಷ್ಣಗಿರಿ ಕಡೆಯ ಒಂದು ಗುಡ್ಡದ ಬುಡದಲ್ಲಿ, ಆಳೆತ್ತರದ ಗುಂಡಿಗೆ ನನ್ನನ್ನು ಇಳಿಸಿ, ಗೋಡೆಯ ಮಣ್ಣು ತೋರಿಸಿದರು. ಕೆಂಪು, ಬೂದು, ಕಪ್ಪು, ಮತ್ತೆ ಕೆಂಪು, ಹೀಗೆ ಪದರ ಪದರ. ಮೇಲಿನದು ಹೊಸದು, ಕೆಳಗಿನದು ಹಳೆಯದು. ನಮ್ಮ ವೃತ್ತಿಯ ಓನಾಮ ಇಷ್ಟೇ. ಒಂದು ಪದರವನ್ನು ಬೆರಳಲ್ಲಿ ಮುಟ್ಟಿ, "ಈ ಒಂದು ಬೆರಳ ಅಗಲದಲ್ಲಿ ಎಷ್ಟು ರಾಜರು ಪಟ್ಟಕ್ಕೆ ಬಂದು ಹೋಗಿದ್ದಾರೆ ಗೊತ್ತೇನಯ್ಯಾ? ಒಬ್ಬನಾದರೂ ಕಾಣ್ತಾನಾ?" ಎಂದು ತಮಿಳಿನಲ್ಲಿ ಕೇಳಿದರು. ನನಗೆ ಇಪ್ಪತ್ತನಾಲ್ಕು ವಯಸ್ಸು. ಮೈ ಜುಮ್ಮೆಂದಿತು. ಅವತ್ತಿನಿಂದ ನನಗೆ ಒಂದು ಕಾಯಿಲೆ ಹತ್ತಿಕೊಂಡಿತು. ಯಾರು ಗೆದ್ದರೂ ಯಾರು ಸೋತರೂ ಮೂಗಿನಲ್ಲೇ ನಗುವ ಕಾಯಿಲೆ.

ಅದಕ್ಕೆ ಔಷಧಿಯ ಬದಲು ಮೇವೇ ಸಿಗುತ್ತಿತ್ತು. ಗುಡ್ಡದ ಮೇಲೆ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ ಕಟ್ಟಿದ ಗೋರಿಗಳಿದ್ದವು. ಸುತ್ತಿನ ಜನ ಅದನ್ನು ಪಾಂಡವರ ಮನೆ ಅನ್ನುತ್ತಾರೆ. ಅದರ ಪಕ್ಕದ ಬೋರ್ಡು ಬರೆಯುವುದು ನನ್ನ ಪಾಲಿನ ಕೆಲಸ. ಒಂದು ಸರ್ಕಾರ ಬಂದಾಗ ಇದು ವೀರರ ಸಮಾಧಿ ಎಂದು ಬರೆಸಿದರು. ಅದು ಹೋಗಿ ಇನ್ನೊಂದು ಬಂದಾಗ ವೀರರು ಅಳಿಸಿಹೋಗಿ ದುಡಿಯುವ ಜನ ಬಂದರು. ಮತ್ತೆ ಮೊದಲಿನವರೇ ಬಂದರು, ಹಳೇ ಬೋರ್ಡು ಹುಡುಕಿಸಿದರು. ಗೆದ್ದಲು ತಿಂದಿತ್ತು, ಹೊಸದು ಬರೆದೆ. ಒಳಗೆ ಮಲಗಿದವನು ಇದ್ಯಾವುದಕ್ಕೂ ಮಗ್ಗುಲು ಬದಲಾಯಿಸಲಿಲ್ಲ.

ಒಮ್ಮೆ ಒಂದು ಗೋರಿಯಲ್ಲಿ ಪೂರ್ತಿ ಅಸ್ಥಿಪಂಜರ ಸಿಕ್ಕಿತು. ಸುದ್ದಿ ಹರಡಿ, ಒಂದೇ ವಾರದಲ್ಲಿ ಮೂರು ಸಂಘದ ಮುಖಂಡರು ಬೇರೆ ಬೇರೆ ದಿನ ಬಂದರು. ಒಬ್ಬರು ತಮಿಳು, ಒಬ್ಬರು ತೆಲುಗು, ಒಬ್ಬರು ನಮ್ಮವರೇ, ಕನ್ನಡದವರು. ಮೂವರೂ ಗುಂಡಿಯ ಅಂಚಿನಲ್ಲಿ ಚಪ್ಪಲಿ ಕಾಲಲ್ಲಿ ನಿಂತು ಕೇಳಿದ್ದು ಒಂದೇ ಪ್ರಶ್ನೆ: "ಇವನು ನಮ್ಮವನು ತಾನೆ?" ನಾನು ಮೂವರಿಗೂ ಒಂದೇ ಉತ್ತರ ಕೊಟ್ಟೆ. "ಹಲ್ಲು ನೋಡಿ, ಎಷ್ಟು ಸವೆದಿದೆ. ಗಟ್ಟಿ ಕಾಳು, ಕಲ್ಲುಪುಡಿ ಎಲ್ಲ ಅಗಿದು ತಿಂದವನು." ಮೂವರೂ ತೃಪ್ತಿಯಿಂದ ತಲೆಯಾಡಿಸಿದರು. ಕಷ್ಟಪಟ್ಟು ತಿಂದವನು ಅಂದರೆ ತಮ್ಮವನೇ ಇರಬೇಕು ಎಂದು ಮೂವರಿಗೂ ಅನ್ನಿಸಿತು. ಸತ್ತವನ ಮಾತು ಯಾವುದಿತ್ತೋ ಯಾರಿಗೆ ಗೊತ್ತು. ಈಗ ನಾವು ಬೈದಾಡಿಕೊಳ್ಳುವ ಮಾತುಗಳಂತೂ ಆಗಿನ್ನೂ ಹುಟ್ಟಿರಲಿಲ್ಲ ಅಂತ ನನ್ನ ಅಂದಾಜು. ಅಂದಾಜನ್ನು ಬಾಯಿಬಿಟ್ಟು ಹೇಳಲಿಲ್ಲ, ಮೈ ಮೇಲೆ ಚರ್ಮ ಇರಬೇಕಲ್ಲ.

ನಮ್ಮ ಆಫೀಸು ನೋಡಿದರೆ ನಗು ಇನ್ನೂ ಜಾಸ್ತಿಯಾಗುತ್ತಿತ್ತು. ಕೃಷ್ಣಗಿರಿಯ ಬೆಟ್ಟದ ಮೇಲೆ ಒಂದು ಕೋತಿ ಹಿಂಡಿತ್ತು. ಹಿಂಡಿಗೆ ಒಂದು ಹಳೇ ಗಡವ ಯಜಮಾನ. ಒಂದು ದಿನ ಹೊಸ ಗಡವ ಬಂದು ಅದನ್ನು ಕಚ್ಚಿ ಓಡಿಸಿತು. ಮಧ್ಯಾಹ್ನದ ಹೊತ್ತಿಗೆ, ಹಳೆಯದರ ಬೆನ್ನು ಕೆರೆಯುತ್ತಿದ್ದ ಕೋತಿಗಳೆಲ್ಲ ಹೊಸದರ ಹಿಂದೆ ಸಾಲಾಗಿ ಕೂತು ಅದರ ಹೇನು ಆರಿಸುತ್ತಿದ್ದವು. ಊಟದ ಬುತ್ತಿ ಮುಗಿಸಿ ಆಫೀಸಿಗೆ ಬಂದೆ. ಅವತ್ತು ಮತ ಎಣಿಕೆ ಮುಗಿದು ಸರ್ಕಾರ ಬದಲಾಗಿತ್ತು. ಸೂಪರಿಂಟೆಂಡೆಂಟರು ಗೋಡೆಯ ಮೇಲಿನ ಹಳೇ ಮುಖ್ಯಮಂತ್ರಿಯ ಫೋಟೋ ಇಳಿಸಲು ಸ್ಟೂಲು ಹತ್ತಿದ್ದರು, ಕೆಳಗೆ ಸ್ಟೂಲು ಹಿಡಿದುಕೊಳ್ಳಲು ಮೂರು ಜನ ಪೈಪೋಟಿ. ಎರಡು ಕಾಲ ಮೇಲೆ ನಿಲ್ಲಲು ನಾವು ಲಕ್ಷಾಂತರ ವರ್ಷ ತೆಗೆದುಕೊಂಡೆವು, ಬಾಗುವುದನ್ನು ಮಾತ್ರ ಮರೆಯಲಿಲ್ಲ.

ನೀರಿನ ಗಲಾಟೆಯ ಒಂದು ವರ್ಷದ ಮಾತು ಹೇಳಬೇಕು. ಗಡಿಯ ಹತ್ತಿರ ನಮ್ಮ ಬಸ್ಸು ನಿಲ್ಲಿಸಿದರು. ನನ್ನ ಚೀಲದಲ್ಲಿ ಕಾಗದ ಸುತ್ತಿದ ಒಂದು ಕೈಗೊಡಲಿ ಇತ್ತು. ಹಿಡಿಯಿಲ್ಲದೆ ಅಂಗೈಯಲ್ಲೇ ಹಿಡಿಯುವ ಕಲ್ಲಿನ ಆಯುಧ ಅದು. ಲಕ್ಷಾಂತರ ವರ್ಷ ಮನುಷ್ಯ ಅದರ ಆಕಾರ ಕೂಡ ಬದಲಿಸದೆ ಅದನ್ನೇ ಮಾಡಿಕೊಂಡಿದ್ದ. ಕಿಟಕಿಯ ಹೊರಗೆ ಒಬ್ಬ ಯುವಕ ಜಲ್ಲಿ ರಾಶಿಯಿಂದ ಒಂದು ಕಲ್ಲು ಎತ್ತಿದ, ಅಂಗೈಯಲ್ಲಿ ತೂಗಿ ನೋಡಿದ, ಸರಿಯಿಲ್ಲವೆಂದು ಎಸೆದು ಇನ್ನೊಂದು ಆರಿಸಿದ, ಹೆಬ್ಬೆರಳು ಹೊಂದಿಸಿಕೊಂಡ. ನಾನು ಚೀಲದೊಳಗೆ ಕೈ ಹಾಕಿ ನೋಡಿಕೊಂಡೆ. ಅದೇ ಹಿಡಿತ. ಅವನ ಭುಜದ ಮೇಲಿನ ಬಾವುಟ ನಿನ್ನೆ ಹೊಲಿಸಿದ್ದು, ಕೈ ಮಾತ್ರ ಗುಹೆಯ ಕಾಲದ್ದು. ಮುಂದಿನ ಗಾಜು ಪುಡಿಯಾಗುವ ಹೊತ್ತಿಗೆ ನಾನು ಸೀಟಿನ ಕೆಳಗಿದ್ದೆ. ಅಲ್ಲಿ ಮುದುಡಿಕೊಂಡೂ ನಗುತ್ತಿದ್ದೆ ಅಂದರೆ ನಂಬಿ.

ಹೀಗೆ ಇಡೀ ಲೋಕವನ್ನು ಕೀಳಾಗಿ ನೋಡಿಕೊಂಡು ನೌಕರಿಯ ಕೊನೆಯ ಭಾಗಕ್ಕೆ ಬಂದೆ. ಅಷ್ಟರಲ್ಲಿ ಕೆಲಸದ ರೀತಿಯೂ ಬದಲಾಗಿತ್ತು. ನಾವು ದಾರ ಕಟ್ಟಿ, ತೂಕದ ಗುಂಡು ಇಳಿಬಿಟ್ಟು, ಚೌಕಳಿ ಕಾಗದದ ಮೇಲೆ ಒಂದೊಂದೇ ಪದರ ಬರೆಯುತ್ತಿದ್ದೆವು. ಒಂದು ಗೋಡೆ ಬರೆಯಲು ಎರಡು ದಿನ ಹಿಡಿಯುತ್ತಿತ್ತು. ಎರಡು ದಿನ ಗುಂಡಿಯಲ್ಲಿ ಕೂತರೆ ಅಗೆಯುವವರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತದೆ. ಈಗ ಆಕಾಶದಲ್ಲಿ ಡ್ರೋನು ಸುತ್ತಿ ಬರುವಷ್ಟರಲ್ಲಿ ಚಿತ್ರ ಸಿದ್ಧ. ಅದಕ್ಕೆ ಕಿವಿಯಿಲ್ಲ ಎಂದು ನಾನು ಹೊಸಬರನ್ನು ಹಂಗಿಸುತ್ತಿದ್ದೆ. ನನಗೆ ಎರಡಿದ್ದೂ ಏನು ಮಾಡಿದೆ ಅನ್ನುವುದನ್ನು ಈಗ ಕೇಳಿ.

ನಾನು ನಿವೃತ್ತನಾಗಲು ಆರು ವರ್ಷವಿತ್ತು. ಕೆಲಮಂಗಲದಾಚೆಯ ಒಂದು ಹಳ್ಳಿಯಲ್ಲಿ, ಊರ ಅಂಚಿನ ಹೊಲದಲ್ಲಿ ಕಪ್ಪು-ಕೆಂಪು ಮಡಕೆ ಚೂರು ರಾಶಿ ರಾಶಿ ಸಿಗುತ್ತಿವೆ ಎಂದು ಸುದ್ದಿ ಬಂತು. ಅಂಥ ಚೂರು ಕಬ್ಬಿಣದ ಯುಗದ ಗುರುತು. ದಕ್ಷಿಣದ ಜಿಲ್ಲೆಯೊಂದರಿಂದ ಹೊಸದಾಗಿ ಬಂದ ಆಫೀಸರು ಹುರುಪಿನ ಮನುಷ್ಯ. ಕನ್ನಡ ಒಂದಕ್ಷರ ಬಾರದು. ಅಗೆಯಲು ಕೂಲಿಗೆ ಬಂದವರು ಕನ್ನಡದವರು. ನಡುವೆ ಮಾತು ದಾಟಿಸುವವನು ನಾನೊಬ್ಬನೇ.

ಕೂಲಿಯವರಲ್ಲಿ ಮುನಿಯಮ್ಮ ಒಬ್ಬಳು. ಐವತ್ತೆಂಟು ಅರವತ್ತರ ಹೆಂಗಸು, ಹೊಸೂರಿನಲ್ಲಿ ಬಾಡಿಗೆ ಕೋಣೆ, ದಿನಾ ಮೊದಲ ಬಸ್ಸಿಗೆ ಬರುತ್ತಿದ್ದಳು. ಎರಡನೇ ದಿನವೇ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಸಾಮಿ, ಇದು ನಮ್ ಮನೆ ಇದ್ದ ಜಾಗ. ನಾನ್ ಹುಟ್ಟಿದ್ದು ಇಲ್ಲೇಯ."

ಇಂಥ ಮಾತು ನಾನು ನೂರು ಕೇಳಿದ್ದೆ. ಎಲ್ಲಿ ಅಗೆದರೂ ಅದು ಯಾರದೋ ಮುತ್ತಾತನ ಜಾಗವೇ. ಸರಿ ಸರಿ, ಮಂಕರಿ ಎತ್ತು ಎಂದೆ.

ನಾಲ್ಕನೇ ದಿನ ಮಡಕೆ ಚೂರಿನ ಬೂದು ಮಣ್ಣು ಮುಗಿದು, ಅದರ ಕೆಳಗೆ ಒಂದು ಗೇಣು ದಪ್ಪದ ಕಪ್ಪು ಪದರ ಬಂತು. ಬೂದಿ, ಇದ್ದಿಲು, ಸುಟ್ಟ ಮಣ್ಣಿನ ಹೆಂಟೆ, ಕರಿಕಾದ ರಾಗಿ ಕಾಳು, ಕಂಬ ನೆಟ್ಟ ಕುಳಿ. ಆಫೀಸರು ಕುಣಿದಾಡುವುದೊಂದು ಬಾಕಿ. ಮೇಲೆ ಕಬ್ಬಿಣ ಯುಗದ ಮಡಕೆ, ಕೆಳಗೆ ಸುಟ್ಟ ಮನೆ. ಹಾಗಾದರೆ ಮನೆ ಆ ಮಡಕೆಗಳಿಗಿಂತ ಹಳೆಯದು, ಕಬ್ಬಿಣ ಯುಗದ ಶುರುವಿನದು! ಮರುದಿನ ತುಕ್ಕು ಹಿಡಿದ ಒಂದು ಬಾಗಿದ ಅಲಗೂ ಸಿಕ್ಕಿತು. ಪ್ರಾಚೀನ ಕುಡುಗೋಲು ಎಂದು ಚೀಟಿ ಕಟ್ಟಿದೆವು.

ಮುನಿಯಮ್ಮ ಅಲಗನ್ನು ನೋಡಿ ಕೈಯಲ್ಲಿದ್ದ ಸನಿಕೆ ಕೆಳಗಿಟ್ಟಳು. ಎಲ್ಲರ ಎದುರಿಗೆ, ಗಟ್ಟಿಯಾಗಿ ಮಾತಾಡಿದಳು.

"ಅದು ಕುಡ್ಗೋಲಲ್ಲ ಸಾಮಿ, ನಮ್ಮವ್ವನ ಈಳಿಗೆ. ಕಾಯಿ ತುರಿಯೋ ಹಲ್ಲು ಮುರ್ದೋಗಿತ್ತು, ಅವ್ವ ತಂತಿ ಸುತ್ತಿದ್ಲು. ಸರ್ಕಾರ ಬದ್ಲಾದ ವರ್ಸ ಗೆದ್ದೋರು ಬಂದು ಸೋತೋರ ಮನೆಗೆಲ್ಲ ಬೆಂಕಿ ಇಕ್ಕಿದ್ರು. ನಾವು ಉಟ್ಟ ಬಟ್ಟೇಲಿ ಓಡೋದ್ವಿ. ಆಮ್ಯಾಕೆ ಮನೆ ಗುರುತೇ ಕಾಣ್ಬಾರ್ದು ಅಂತ ಇದರ ಮ್ಯಾಲೆ ಕೆರೆಗೋಡು ಹೊಡ್ಸಿ, ಹೊಲ ಮಾಡ್ಬುಟ್ರು."

ಕೆರೆಗೋಡು ಅಂದರೆ ನಮ್ಮ ಕಡೆಯ ಯಾವ ರೈತನಿಗೂ ಗೊತ್ತು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಹೂಳನ್ನು ತೋಡಿ ಹೊಲಕ್ಕೆ ಹೊಡೆಯುವುದು ಇಲ್ಲಿಯ ರೂಢಿ. ನಾನು ಗುಮ್ಮಳಾಪುರದ ಕಡೆಯವನು. ನಮ್ಮಪ್ಪನ ಜೊತೆ ಗಾಡಿಯ ಮೇಲೆ ಕೂತು ಗೋಡು ಹೊಡೆದವನು. ಮುನಿಯಮ್ಮನ ಊರಿನ ಕೆರೆ ಹಳೇ ಗೋರಿಗಳ ನಡುವೆ ಇತ್ತು. ಅಲ್ಲಿಯ ಹೂಳು ತಂದು ಸುರಿದರೆ ಹಳೇ ಮಡಕೆ ಚೂರು ಹೊಸ ಬೂದಿಯ ಮೇಲೆ ಬಂದು ಕೂರುತ್ತದೆ. ಮೇಲಿನದೇ ಹಳೆಯದು, ಕೆಳಗಿನದೇ ಹೊಸದು. ಇಷ್ಟು ಹೊಳೆಯಲು ರೈತನ ಮಗನಿಗೆ ಅರೆಗಳಿಗೆ ಸಾಕು. ನನಗೆ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಹೊಳೆಯಲು ನಾನು ಬಿಡಲಿಲ್ಲ. ಚುನಾವಣೆಯ ಜಗಳವೊಂದು ಒಂದು ಗೇಣು ದಪ್ಪದ ಪದರ ಬಿಡುವುದು ಅಂದರೇನು? ಅಂಥ ಜಗಳಗಳು ದಾರದಷ್ಟೂ ಗುರುತು ಬಿಡುವುದಿಲ್ಲ ಎಂದು ಮೂವತ್ತು ವರ್ಷ ಎಲ್ಲರಿಗೂ ಪಾಠ ಹೇಳಿದ್ದೆನಲ್ಲ.

"ಅವಳೇನಯ್ಯ ಹೇಳ್ತಿದ್ದಾಳೆ?" ಎಂದು ಆಫೀಸರು ತಮಿಳಿನಲ್ಲಿ ಕೇಳಿದರು.

"ಟೀ ಹೊತ್ತಾಯಿತಂತೆ ಸಾರ್," ಎಂದೆ.

ಆಫೀಸರು ನಕ್ಕು ಟೀ ತರಿಸಿದರು. ಮುನಿಯಮ್ಮನಿಗೆ ತಮಿಳು ಅಷ್ಟಿಷ್ಟು ತಿಳಿಯುತ್ತಿತ್ತು. ಲೋಟ ಮುಟ್ಟಲಿಲ್ಲ. ನಾನು ಅವಳನ್ನು ಸಮಾಧಾನ ಮಾಡುವವನ ಹಾಗೆ ಹತ್ತಿರ ಹೋಗಿ ನನ್ನ ಹಳೇ ಪ್ರವಚನ ಶುರುಮಾಡಿದೆ. ಮನುಷ್ಯ ಕಾಡಿನಿಂದ ಇಳಿದು ಬಂದು ಎಷ್ಟೋ ಲಕ್ಷ ವರ್ಷವಾಯಿತು, ಇಂಥ ಬೆಂಕಿಗಳು ಎಷ್ಟು ಹತ್ತಿ ಎಷ್ಟು ಆರಿದವೋ, ಹತ್ತು ಸಾವಿರ ವರ್ಷದ ಲೆಕ್ಕದಲ್ಲಿ ಒಂದು ಮನೆ ಯಾವ ಮೂಲೆಗೆ ಎಂದೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಹತ್ತು ಸಾವ್ರ ವರ್ಸದ್ದು ನೀವು ನೋಡ್ಕಳಿ ಸಾಮಿ," ಎಂದಳು. "ನಂಗೆ ನತ್ತಂ ಪಟ್ಟಾ ಬೇಕು. ಅಲ್ಲಿ ಮನೆ ಇತ್ತು ಅಂತ ಯಾರಾನ ಹೇಳಿದ್ರೆ ಕೊಡ್ತೀವಿ ಅಂದವ್ರೆ. ಊರ್ನೋರು ಬಾಯಿ ಬುಡಾಕಿಲ್ಲ. ಈ ಮಣ್ಣು ಹೇಳ್ತೈತೆ, ನೀವ್ ಬರ್ಕೊಡಿ."

ನತ್ತಂ ಅಂದರೆ ಊರಿನ ಮನೆ ಜಾಗ. ಅದರ ಪಟ್ಟಾ, ಅಂದರೆ ಹಕ್ಕುಪತ್ರ, ಇದ್ದರೆ ಸರ್ಕಾರದಿಂದ ಮನೆ ಕಟ್ಟಿಸಿಕೊಳ್ಳಬಹುದು. ಅವಳು ಕೂಲಿಗೆ ಬಂದದ್ದೇ ಅದಕ್ಕೆ. ತನ್ನ ಮನೆ ಮಣ್ಣಿನಡಿಯಿಂದ ಎದ್ದು ಬರುವುದನ್ನು ತಾನೇ ಅಗೆದು ನೋಡಿ, ಸಾಕ್ಷಿ ಹಿಡಿಯಬೇಕೆಂದು ಬಂದಿದ್ದಳು. ನನಗೆ ಕನಿಕರ ಬಂತು. ಕನಿಕರದಿಂದ ನಕ್ಕೆ, ನಕ್ಷೆ ಬರೆದೆ, ಕಪ್ಪು ಪದರದ ಎದುರು ಪ್ರಾಚೀನ ದಹನ ಎಂದು ದುಂಡಗೆ ಬರೆದು ಕೆಳಗೆ ಸಹಿ ಹಾಕಿದೆ.

ಮಂತ್ರಿಗಳು ಬಂದರು. ಗುಂಡಿಯ ಪಕ್ಕ ಶಾಮಿಯಾನ ಹಾಕಿಸಿದ್ದರು. ಸುಟ್ಟ ಮನೆಯನ್ನು ಅವರು ಕೈಮುಗಿದು ನೋಡಿದರು, ಹಳೇ ನಾಗರಿಕತೆಯ ಮೇಲೆ ಶತ್ರುಗಳು ದಾಳಿ ಮಾಡಿದ್ದಾರೆ ಎಂದು ಭಾಷಣ ಮಾಡಿದರು. ಶತ್ರುಗಳಲ್ಲಿ ಇಬ್ಬರು ಆಗ ವೇದಿಕೆಯ ಮೇಲೇ ಕೂತಿದ್ದರು ಎಂದು ಮುನಿಯಮ್ಮ ಆಮೇಲೆ ನನಗೆ ಹೇಳಿದಳು. ಒಬ್ಬ ಈಗ ಪಂಚಾಯ್ತಿಯ ದೊಡ್ಡ ಮನುಷ್ಯ, ಮಂತ್ರಿಗೆ ಹಾರ ಹಾಕಿದವನು ಅವನೇ.

ಅಲಗು ಲ್ಯಾಬಿಗೆ ಹೋಯಿತು. ತುಕ್ಕು ತೆಗೆದಾಗ ಅದರ ಕುತ್ತಿಗೆಯಲ್ಲಿ ನಾಲ್ಕು ಸುತ್ತು ತಂತಿ ಕಂಡಿತು. ಯಂತ್ರದಲ್ಲಿ ಎಳೆದ, ಒಂದೇ ದಪ್ಪದ ತಂತಿ. ಬೇಲಿಗೆ ಕಟ್ಟುತ್ತೇವಲ್ಲ, ಅದೇ. ಅವ್ವ ತಂತಿ ಸುತ್ತಿದ್ದಳು ಎಂದು ಮುನಿಯಮ್ಮ ಹೇಳಿದ್ದು ನೆನಪಾಯಿತು. ಆಫೀಸರ ಹತ್ತಿರ ಓಡಿದೆ. ಅವರು ಬಹಳ ಹೊತ್ತು ತಂತಿ ನೋಡಿದರು. "ಮೇಲಿನಿಂದ ಜಾರಿ ಬಿದ್ದಿರಬೇಕು," ಎಂದರು. "ಇದ್ದಿಲನ್ನಾದರೂ ಪರೀಕ್ಷೆಗೆ ಕಳಿಸೋಣ ಸಾರ್," ಎಂದೆ. "ವರದಿ ಅಚ್ಚಿಗೆ ಹೋಗಿದೆ. ನಕ್ಷೆಯ ಮೇಲೆ ಸಹಿ ಯಾರದು?" ಎಂದು ಕೇಳಿದರು. ನನ್ನದು. ಅಲಗನ್ನು ಕಾಗದದಲ್ಲಿ ಸುತ್ತಿಕೊಂಡು ಬಂದುಬಿಟ್ಟೆ.

ಬೆಟ್ಟದ ಕೋತಿಗಳನ್ನು ನೋಡಿ ನಕ್ಕ ನಾನು ಅವತ್ತು ಯಾರ ಹೇನು ಆರಿಸಿದೆ ಎಂದು ನೀವೇ ಹೇಳಿ. ಇನ್ನು ಕೆಲವೇ ವರ್ಷ, ಪಿಂಚಣಿಗೆ ತೊಂದರೆ ಬೇಡ ಎಂದು ಮನಸ್ಸಿಗೆ ಹೇಳಿಕೊಂಡೆ. ಜೊತೆಗೆ ಆ ಹತ್ತು ಸಾವಿರ ವರ್ಷದ ಮಾತೂ ಹೇಳಿಕೊಂಡೆ. ಹೇಡಿಗೆ ಅದರಷ್ಟು ಬೆಚ್ಚಗಿನ ಕಂಬಳಿ ಇನ್ನೊಂದಿಲ್ಲ.

ಜಾಗಕ್ಕೆ ಕಬ್ಬಿಣದ ಬೇಲಿ ಬಂತು. ಸಂರಕ್ಷಿತ ಸ್ಥಳ, ಯಾರೂ ಒಳಗೆ ಬರಕೂಡದು. ಮುನಿಯಮ್ಮನ ಅರ್ಜಿಗೆ ಕಂದಾಯದವರು ಕೊಟ್ಟ ಉತ್ತರ ಒಂದೇ ಸಾಲು: ಸದರಿ ಸ್ಥಳ ಪ್ರಾಚೀನವಾದ್ದರಿಂದ ಅರ್ಜಿ ವಜಾ. ಆಮೇಲೆ ಸರ್ಕಾರ ಬದಲಾಯಿತು, ಆಫೀಸರಿಗೆ ವರ್ಗವಾಯಿತು, ಹೊಸ ಆಫೀಸರಿಗೆ ಆ ಜಾಗದ ಮೇಲೆ ಆಸಕ್ತಿ ಇರಲಿಲ್ಲ. ಬೋರ್ಡು ಬಿದ್ದುಹೋಯಿತು. ಬೇಲಿ ಉಳಿಯಿತು.

ನಿವೃತ್ತನಾದ ಮೇಲೆ ಒಂದು ವರ್ಷ ನಾನು ಮನೆಯಲ್ಲಿ ಪೇಪರು ಓದಿಕೊಂಡು ಮಂತ್ರಿಗಳನ್ನು ಬೈದುಕೊಂಡಿದ್ದೆ. ಒಂದು ದಿನ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಮುನಿಯಮ್ಮ ಸಿಕ್ಕಳು. ನಾನು ಮುಖ ತಿರುಗಿಸುವಷ್ಟರಲ್ಲಿ ಅವಳೇ ಬಂದು, "ಚೆಂದಾಗಿದ್ದೀರಾ ಸಾಮಿ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಕ್ಷೇಮ ವಿಚಾರಣೆ ತಡೆಯಲಾಗಲಿಲ್ಲ. ಆ ವಾರವೇ ಕಂದಾಯ ಕಚೇರಿಗೆ ಬರೆದೆ: ನಾನು ಬರೆದ ನಕ್ಷೆ ತಪ್ಪು, ಅಲ್ಲಿದ್ದದ್ದು ಈ ಹೆಂಗಸಿನ ಮನೆ, ಮೇಲಿನ ಮಣ್ಣು ಕೆರೆಯಿಂದ ತಂದು ಹೊಡೆದದ್ದು.

ಹೋದ ತಿಂಗಳು ವಿಚಾರಣೆಗೆ ಕರೆದರು. ಮೇಜಿನ ಹಿಂದೆ ಒಬ್ಬ ಯುವತಿ ಅಧಿಕಾರಿ. ಒಂದು ಕೈಯಲ್ಲಿ ನನ್ನ ನಕ್ಷೆ, ಇನ್ನೊಂದರಲ್ಲಿ ನನ್ನ ಪತ್ರ. "ಎರಡರಲ್ಲೂ ನಿಮ್ಮದೇ ಸಹಿ," ಎಂದರು. "ನಾನು ಯಾವುದನ್ನು ನಂಬಲಿ?"

"ಪತ್ರವನ್ನು ಮೇಡಂ."

"ಇಷ್ಟು ವರ್ಷದ ಅನುಭವ ಇದ್ದವರಿಗೆ ಈಳಿಗೆ ಗುರುತು ಸಿಗಲಿಲ್ಲವೇ?"

"ಅವಳು ಗುರುತು ಹೇಳಿದಳು. ನಾನು ಆಫೀಸರಿಗೆ, ಟೀ ಕೇಳ್ತಿದ್ದಾಳೆ ಎಂದು ಹೇಳಿದೆ."

ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ. ಅಧಿಕಾರಿ ನನ್ನನ್ನು ನೋಡಿದ ನೋಟದಲ್ಲಿ, ನಾನು ಮೂವತ್ತು ವರ್ಷ ಲೋಕಕ್ಕೆಲ್ಲ ಹಂಚಿದ ತಾತ್ಸಾರ ಪೂರ್ತಿ ಇತ್ತು. ಅದನ್ನೂ ಬರೆದುಕೊಳ್ಳಿ ಎಂದು ಗುಮಾಸ್ತನಿಗೆ ಹೇಳಿದರು. ಆಮೇಲೆ ನನಗೆ ಕ್ರಮ ವಿವರಿಸಿದರು. ಫೈಲು ನಮ್ಮ ಇಲಾಖೆಗೆ ಹೋಗಬೇಕು, ಅವರು ಮತ್ತೆ ಅಗೆದು ಅಭಿಪ್ರಾಯ ಕೊಡಬೇಕು, ಬೇಲಿ ತೆಗೆಯಲು ಮೇಲಿನ ಆದೇಶ ಬೇಕು. ಅದರ ನಡುವೆ ಚುನಾವಣೆ ಬಂದರೆ ಎಲ್ಲ ನಿಲ್ಲುತ್ತದೆ. ಕಮ್ಮಿಯೆಂದರೂ ಎರಡು ವರ್ಷ.

ಹೊರಗೆ ಮೆಟ್ಟಿಲ ಮೇಲೆ ಮುನಿಯಮ್ಮ ಕೂತಿದ್ದಳು.

"ಏನಂದ್ರು ಸಾಮಿ?"

ಐದು ಸಾವಿರ, ಹತ್ತು ಸಾವಿರ, ಲಕ್ಷ ಎಂದು ವರ್ಷಗಳನ್ನು ಬಾಯಿ ತುಂಬ ಉದುರಿಸಿಕೊಂಡು ಬದುಕಿದವನು ನಾನು. ಎರಡು ವರ್ಷ ಎನ್ನಲು ನಾಲಿಗೆ ಏಳಲಿಲ್ಲ. ಅವಳ ಕಣ್ಣಿನ ಪೊರೆ, ಊದಿದ ಪಾದ, ಎಲ್ಲ ಕಾಣುತ್ತಿತ್ತು. ಕೊನೆಗೆ ಹೇಳಿದೆ.

ಅವಳು ಕೈಬೆರಳು ಮಡಿಸಿ ಏನೋ ಲೆಕ್ಕ ಹಾಕಿಕೊಂಡಳು. ಸೀರೆಯ ಧೂಳು ಕೊಡವಿ ಎದ್ದಳು.

"ಎಲ್ಡು ವರ್ಸ ನಾನಿರ್ತೀನಿ ಬುಡಿ," ಎಂದಳು. "ನೀವೂ ಸಾಯ್ಬೇಡಿ ಸಾಮಿ. ಸುಳ್ಳು ಬರ್ದಿದ್ದು ನಾನೇ ಅಂತ ಹೇಳಾಕೆ ಇರೋದು ನೀವೊಬ್ರೇ."